ಶೀತ, ಫ್ಲೂ, ಕೋವಿಡ್ ಬಂದಾಗ ಚೀನೀ ಔಷಧಿ: ಯಾರಿಗೆ, ಯಾವಾಗ, ಎಷ್ಟರ ಮಟ್ಟಿಗೆ?

ಚೀನಾ, ಹಾಂಗ್‌ಕಾಂಗ್, ಸಿಂಗಪುರದಲ್ಲಿರುವ ನಮ್ಮವರು ಜ್ವರದ ಸೀಸನ್ ಶುರುವಾದರೆ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. "ಹಾಸ್ಟೆಲ್‌ನಲ್ಲಿ ಲಿಯಾನ್‌ಹುವಾ ಕೊಟ್ಟಿದ್ದಾರೆ, ತಗೊಳ್ಳಲಾ?" "ಪಕ್ಕದ ಮನೆಯವರು ಬಾನ್‌ಲಾನ್‌ಗೆನ್ ಕುಡಿಸಿ ಅಂತಾರೆ, ಮಗುವಿಗೆ ಕೊಡಬಹುದಾ?" ಎರಡೂ ಅಲ್ಲಿ ಶೀತ-ಜ್ವರಕ್ಕೆ ಕೊಡುವ ಗಿಡಮೂಲಿಕೆ ಔಷಧಿಗಳು. ಊರಿನಲ್ಲಿರುವ ಅಪ್ಪ ಅಮ್ಮಂದಿರದ್ದು ಇನ್ನೊಂದು: "ಮಗ ಅಲ್ಲಿ ಮೆಡಿಕಲ್ ಓದ್ತಿದ್ದಾನೆ. ಡೋಲೋ ಜೊತೆ ಚೀನೀ ಪುಡಿನೂ ಕುಡೀತಾನಂತೆ. ಏನೂ ಆಗಲ್ವಾ?"

ಒಂದೇ ಸಾಲಿನಲ್ಲಿ ಹೌದು, ಇಲ್ಲ ಅನ್ನಲು ಬರುವುದಿಲ್ಲ. ಅಲ್ಲಿನ ಮೆಡಿಕಲ್ ಶಾಪ್‌ನ ಕಪಾಟಿನಲ್ಲಿ ಗಿಡಮೂಲಿಕೆಯ ಪುಡಿ, ಪ್ಯಾರಾಸಿಟಮಾಲ್, ಆ್ಯಂಟಿವೈರಲ್ ಗುಳಿಗೆ ಎಲ್ಲಾ ಅಕ್ಕಪಕ್ಕ ಇರುತ್ತವೆ. ಅವು ಮಾಡುವ ಕೆಲಸ ಮಾತ್ರ ಬೇರೆ ಬೇರೆ.

ಆರಿಸುವ ಮೊದಲು ನೋಡಬೇಕಾದ್ದು

ಮೊದಲನೆಯದು, ಬಂದಿರುವುದು ಏನು. ಸಾಮಾನ್ಯ ಶೀತ, ಫ್ಲೂ, ಕೋವಿಡ್ ಮೂರೂ ಮೊದಲ ದಿನ ಒಂದೇ ಥರ ಕಾಣುತ್ತವೆ. ಗಂಟಲು ಕೆರೆತ, ಮೈಕೈ ನೋವು, ಸ್ವಲ್ಪ ಜ್ವರ. ಸಾಮಾನ್ಯ ಶೀತದ ವೈರಸ್ಸನ್ನು ಕೊಲ್ಲುವ ಗುಳಿಗೆ ಎಲ್ಲೂ ಇಲ್ಲ. ಫ್ಲೂ ಮತ್ತು ಕೋವಿಡ್‌ಗೆ ಇದೆ. ಅದಕ್ಕೇ ಮನೆಯಲ್ಲೇ ಮಾಡಿಕೊಳ್ಳುವ ಟೆಸ್ಟ್ ಕಿಟ್‌ಗೆ ಕೊಡುವ ದುಡ್ಡು ದಂಡವಲ್ಲ. ಎರಡನ್ನೂ ಒಟ್ಟಿಗೆ ನೋಡುವ ಕಿಟ್‌ಗಳೂ ಬಂದಿವೆ.

ಎರಡನೆಯದು, ಯಾರಿಗೆ ಬಂದಿದೆ. ಇಪ್ಪತ್ತೆರಡರ ಹುಡುಗನಿಗೆ ಬರುವ ಫ್ಲೂ ಬೇರೆ, ಶುಗರ್ ಇರುವ ಎಪ್ಪತ್ತರ ಅಜ್ಜಿಗೆ ಬರುವ ಫ್ಲೂ ಬೇರೆ. ಬಸುರಿಯರು, ಎರಡು ವರ್ಷದೊಳಗಿನ ಮಕ್ಕಳು, ಅಸ್ತಮಾ, ಹೃದಯ, ಕಿಡ್ನಿ ತೊಂದರೆ ಇರುವವರು ಅಜ್ಜಿಯ ಗುಂಪಿಗೇ ಸೇರುತ್ತಾರೆ.

ಮೂರನೆಯದು ಗಡಿಯಾರ. ಫ್ಲೂ ಗುಳಿಗೆ ಲಕ್ಷಣ ಶುರುವಾದ 48 ಗಂಟೆಯೊಳಗೆ ಹೊಟ್ಟೆಗೆ ಹೋದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೋವಿಡ್‌ನ ಪ್ಯಾಕ್ಸ್‌ಲೋವಿಡ್‌ಗೆ 5 ದಿನದ ಗಡುವು. ಗಿಡಮೂಲಿಕೆಗೆ ಹೀಗೆ ಗಡುವಿಲ್ಲ. ಆದರೆ "ಎರಡು ದಿನ ಇದನ್ನೇ ನೋಡೋಣ" ಅನ್ನುವಷ್ಟರಲ್ಲಿ ಇನ್ನೊಂದರ ಗಡುವು ಮುಗಿದಿರುತ್ತದೆ. ಚೀನೀ ಔಷಧಿಯ ವಿಷಯದಲ್ಲಿ ನನಗೆ ದೊಡ್ಡ ಭಯ ಇದೇ. ಔಷಧಿಯಿಂದ ಆಗುವ ಕೆಡುಕಿಗಿಂತ, ಕಳೆದುಹೋಗುವ ಸಮಯ.

ನಾಲ್ಕನೆಯದು ಪುರಾವೆ. ಇಲ್ಲಿ ಕೇಳಬೇಕಾದ ಪ್ರಶ್ನೆ "ಕೆಲಸ ಮಾಡುತ್ತಾ?" ಅಲ್ಲ, "ಏನನ್ನು ಅಳೆದು ನೋಡಿದ್ದಾರೆ?" ಅಂತ. ಜ್ವರ ಬೇಗ ಇಳಿಯಿತು ಅನ್ನುವುದು ಒಂದು. ಆಸ್ಪತ್ರೆ ಸೇರುವುದು ತಪ್ಪಿತು ಅನ್ನುವುದು ಇನ್ನೊಂದು. ಐದನೆಯದು, ಪೊಟ್ಟಣದೊಳಗೆ ಇರುವುದೇನು, ನೀವು ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಜೊತೆ ಅದು ಹೊಂದುತ್ತದಾ. ದುಡ್ಡಿನ ಮಾತು ಕೊನೆಗೆ. ಒಂದು ಔಷಧಿ ಬಿಟ್ಟರೆ ಉಳಿದವುಗಳ ಬೆಲೆಯಲ್ಲಿ ತಲೆಕೆಡಿಸಿಕೊಳ್ಳುವಷ್ಟು ವ್ಯತ್ಯಾಸವಿಲ್ಲ.

ಬರೀ ವಿಶ್ರಾಂತಿ ಮತ್ತು ಪ್ಯಾರಾಸಿಟಮಾಲ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆರೋಗ್ಯವಂತರಿಗೆ ಬಂದ ಸಾಮಾನ್ಯ ಶೀತಕ್ಕೆ ಇಷ್ಟೇ ಸಾಕು. ಗಂಜಿ, ಬಿಸಿನೀರು, ನಿದ್ದೆ, ಜ್ವರ ಏರಿದರೆ ಒಂದು ಮಾತ್ರೆ. ವಾರದೊಳಗೆ ತಾನಾಗಿ ಹೋಗುವ ಕಾಯಿಲೆಗೆ ಏನು ಕೊಟ್ಟರೂ "ಇದರಿಂದಲೇ ವಾಸಿಯಾಯಿತು" ಅನ್ನಿಸುವುದು ಸಹಜ. ಮುಂದಿನ ಆಯ್ಕೆಗಳನ್ನು ತೂಗುವಾಗ ಈ ಮಾತು ನೆನಪಿರಲಿ.

ರೆಡಿಮೇಡ್ ಚೀನೀ ಪೊಟ್ಟಣಗಳು

ಹೆಚ್ಚಿನವರ ಗೊಂದಲ ಇರುವುದು ಇಲ್ಲೇ. ಎಲ್ಲವನ್ನೂ "ಚೀನೀ ಔಷಧಿ" ಅಂತ ಒಂದೇ ಬುಟ್ಟಿಗೆ ಹಾಕುತ್ತಾರೆ. ಒಳಗೆ ನೋಡಿದರೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ.

ಎಲ್ಲಕ್ಕಿಂತ ಹೆಸರಾಗಿರುವುದು ಲಿಯಾನ್‌ಹುವಾ ಚಿಂಗ್‌ವೆನ್. ಹೆಬೇ ಪ್ರಾಂತ್ಯದ ಶಿಜಿಯಾಝುವಾಂಗ್ ನಗರದ ಯಿಲಿಂಗ್ ಕಂಪನಿ 2003ರ ಸಾರ್ಸ್ ಸಾಂಕ್ರಾಮಿಕದ ಕಾಲದಲ್ಲಿ ಇದನ್ನು ರೂಪಿಸಿತು. ಬುನಾದಿ ಹಳೆಯದು. ಸುಮಾರು 1,800 ವರ್ಷ ಹಿಂದಿನ ವೈದ್ಯ ಝಾಂಗ್ ಝೊಂಗ್‌ಜಿಂಗ್ ಅವರ ಕೆಮ್ಮು-ಉಬ್ಬಸದ ಕಷಾಯ ಒಂದು, 18ನೇ ಶತಮಾನದ ಕೊನೆಯ ವೈದ್ಯ ವೂ ಜುಟೊಂಗ್ ಅವರ ಯಿನ್‌ಚಿಯಾವ್ ಸಾನ್ ಎಂಬ ಪುಡಿ ಇನ್ನೊಂದು. ಎರಡನ್ನೂ ಬೆರೆಸಿ, ಇನ್ನಷ್ಟು ಸೇರಿಸಿ, ಒಟ್ಟು 13 ಪದಾರ್ಥ. ಹನಿಸಕಲ್ ಹೂವು, ಫೋರ್ಸಿಥಿಯಾ ಕಾಯಿ, ಜಿಪ್ಸಮ್, ಜ್ಯೇಷ್ಠಮಧು, ಪಚ್ಚೆತೆನೆ, ಮೆಂಥಾಲ್ ಇವೆಲ್ಲ ಸರಿ. ನಿಲ್ಲಿಸಿ ನೋಡಬೇಕಾದ್ದು ಎರಡು: ಎಫೆಡ್ರಾ, ರುಬಾರ್ಬ್ ಬೇರು.

ಎಫೆಡ್ರಾದಲ್ಲಿ ಎಫೆಡ್ರಿನ್ ಇರುತ್ತದೆ. ಕಟ್ಟಿದ ಉಸಿರನ್ನು ಸಲೀಸು ಮಾಡುತ್ತದೆ ನಿಜ, ಜೊತೆಗೆ ಬಿಪಿ ಏರಿಸುತ್ತದೆ, ಎದೆಬಡಿತ ಜೋರು ಮಾಡುತ್ತದೆ. ಅಮೆರಿಕ 2004ರಲ್ಲಿ ಆಹಾರ ಪೂರಕಗಳಲ್ಲಿ ಎಫೆಡ್ರಾ ಬಳಕೆಯನ್ನು ನಿಷೇಧಿಸಿತು. ರುಬಾರ್ಬ್ ಭೇದಿ ತರಿಸುತ್ತದೆ, ಬಸುರಿಯರಿಗೆ ಬೇಡ. ಇದನ್ನು ನಾನು ಹೇಳಬೇಕಾಗಿಯೂ ಇಲ್ಲ. ಲಿಯಾನ್‌ಹುವಾ ಪೆಟ್ಟಿಗೆಯೊಳಗಿನ ಚೀಟಿಯಲ್ಲೇ ಬಿಪಿ, ಹೃದಯದ ಕಾಯಿಲೆ ಇರುವವರು ಮತ್ತು ಕ್ರೀಡಾಪಟುಗಳು ಎಚ್ಚರ ವಹಿಸಬೇಕು ಅಂತ ಅಚ್ಚಾಗಿದೆ. ಕ್ರೀಡಾಪಟುಗಳು ಯಾಕೆ ಅಂದರೆ, ಎಫೆಡ್ರಿನ್ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಅದೇ ಚೀಟಿಯಲ್ಲಿ ಇನ್ನೊಂದು ಸಾಲಿದೆ. ಚಳಿ-ಗಾಳಿಯಿಂದ ಬಂದ ಶೀತಕ್ಕೆ ಇದು ಹೊಂದುವುದಿಲ್ಲ ಅಂತ. ಚೀನೀ ವೈದ್ಯದಲ್ಲಿ ಶೀತವನ್ನು ಮುಖ್ಯವಾಗಿ ಎರಡು ಬಗೆಯಾಗಿ ನೋಡುತ್ತಾರೆ. ಮೈ ನಡುಕ, ನೀರಿನಂಥ ಸಿಂಬಳ, ಬೆವರಿಲ್ಲ ಅಂದರೆ ಚಳಿಯ ಬಗೆ. ಗಂಟಲು ಉರಿ, ಹಳದಿ ಕಫ, ಏರುಜ್ವರ, ಬಾಯಾರಿಕೆ ಅಂದರೆ ಉಷ್ಣದ ಬಗೆ. ಉಷ್ಣ-ಶೀತದ ಲೆಕ್ಕದಲ್ಲೇ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಿಯಾನ್‌ಹುವಾ, ಬಾನ್‌ಲಾನ್‌ಗೆನ್, ಯಿನ್‌ಚಿಯಾವ್ ಎಲ್ಲಾ ತಂಪು ಮಾಡುವ ಔಷಧಿಗಳು, ಎರಡನೇ ಬಗೆಗೆ. 2022ರ ಏಪ್ರಿಲ್‌ನಲ್ಲಿ ಶಾಂಘೈ ಲಾಕ್‌ಡೌನ್ ಆದಾಗ ಸೋಂಕು ಇರುವವರು, ಇಲ್ಲದವರು, ಮುದುಕರು, ಹುಡುಗರು ಅಂತ ನೋಡದೆ ಮನೆಮನೆಗೆ ಲಿಯಾನ್‌ಹುವಾ ಹಂಚಿದರು. ಆಧುನಿಕ ವಿಜ್ಞಾನದ ಲೆಕ್ಕದಲ್ಲಿ ಅದು ತಪ್ಪು ಅನ್ನುವುದು ಒಂದು ಮಾತು. ಚೀನೀ ವೈದ್ಯದ ಲೆಕ್ಕದಲ್ಲೂ ತಪ್ಪೇ. ನಾಲಿಗೆ ನೋಡಿ, ನಾಡಿ ಹಿಡಿದು, ಆ ಮನುಷ್ಯನಿಗೆ ಹೊಂದುವ ಔಷಧಿ ಕೊಡುವ ಪದ್ಧತಿ ಅದು. ಇಡೀ ಊರಿಗೆ ಒಂದೇ ಡಬ್ಬಿ ಕೊಡುವುದು ಆ ಪದ್ಧತಿಗೆ ಮಾಡಿದ ಮರ್ಯಾದೆಯಲ್ಲ.

ಹಾಗಾದರೆ ಪುರಾವೆ? ಇದೆ, ಆದರೆ ಎಲ್ಲಿಯವರೆಗೆ ಅಂತ ತಿಳಿದಿರಬೇಕು. 2020ರಲ್ಲಿ 284 ಕೋವಿಡ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಲಿಯಾನ್‌ಹುವಾ ಪಡೆದವರ ಲಕ್ಷಣಗಳು ಸರಾಸರಿ 7 ದಿನಕ್ಕೆ, ಪಡೆಯದವರದ್ದು 10 ದಿನಕ್ಕೆ ಇಳಿದವು. ಆದರೆ ಯಾರಿಗೆ ಔಷಧಿ ಸಿಕ್ಕಿದೆ ಅಂತ ರೋಗಿಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು. ವೈರಸ್ ಹೋಗುವ ವೇಗದಲ್ಲಿ, ಕಾಯಿಲೆ ಗಂಭೀರ ಆಗುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2023ರಲ್ಲಿ ಬಂದ ಇನ್ನೊಂದು ಪ್ರಯೋಗ ಇದಕ್ಕಿಂತ ಗಟ್ಟಿ. ಹಲವು ದೇಶಗಳಲ್ಲಿ, ಔಷಧಿ ಇಲ್ಲದ ಡಮ್ಮಿ ಗುಳಿಗೆಯ ಜೊತೆ ಹೋಲಿಸಿ ಮಾಡಿದ್ದು. ಲಕ್ಷಣಗಳು ಸುಧಾರಿಸಲು 6.7 ದಿನದ ಬದಲು 4 ದಿನ ಸಾಕಾಯಿತು. ಅಲ್ಲೂ ಇದ್ದವರು ಸೌಮ್ಯ ಮತ್ತು ಮಧ್ಯಮ ರೋಗಿಗಳು. ಮೈ ಬೇಗ ಹಗುರ ಆಗಬಹುದು ಅನ್ನುವಲ್ಲಿಗೆ ಈ ಪುರಾವೆ ನಿಲ್ಲುತ್ತದೆ. ಅಜ್ಜಿಯ ಜೀವ ಉಳಿಸುತ್ತದೆ ಅನ್ನುವಲ್ಲಿಗೆ ಹೋಗುವುದಿಲ್ಲ. ಕೋವಿಡ್ ಬರದಂತೆ ತಡೆಯುತ್ತದೆ ಅನ್ನುವುದಕ್ಕಂತೂ ಆಧಾರವೇ ಇಲ್ಲ. ಚೀನಾ 2020ರ ಏಪ್ರಿಲ್‌ನಲ್ಲಿ ಇದರ ಲೇಬಲ್‌ಗೆ ಕೋವಿಡ್ ಹೆಸರು ಸೇರಿಸಿತು. ಸಿಂಗಪುರದ ಆರೋಗ್ಯ ವಿಜ್ಞಾನ ಪ್ರಾಧಿಕಾರ ಶೀತ-ಜ್ವರದ ಲಕ್ಷಣಗಳಿಗೆ ಮಾತ್ರ ಒಪ್ಪಿಗೆ ಕೊಟ್ಟಿದೆ, ಕೋವಿಡ್‌ಗೆ ಅಂತ ಮಾರುವಂತಿಲ್ಲ ಅಂದಿದೆ. ಒಂದೇ ಡಬ್ಬಿ, ಎರಡು ದೇಶ, ಎರಡು ತೀರ್ಮಾನ. ನನಗೆ ಸಿಂಗಪುರದ ತೀರ್ಮಾನ ಸರಿ ಅನ್ನಿಸುತ್ತದೆ.

ಈಗ ಗಾನ್‌ಮಾವ್‌ಲಿಂಗ್. ಎಲ್ಲರಿಗಿಂತ ಹೆಚ್ಚು ನಮ್ಮ ವಿದ್ಯಾರ್ಥಿಗಳು ಓದಬೇಕಾದ ಭಾಗ ಇದು. ಹಸಿರು ಬಣ್ಣದ 999 ಬ್ರ್ಯಾಂಡಿನ ಪೊಟ್ಟಣ ಚೀನಾದ ಮನೆಮನೆಯಲ್ಲೂ ಇರುತ್ತದೆ. ಬಿಸಿನೀರಿಗೆ ಹಾಕಿ ಕಲಕಿದರೆ ಸಿಹಿಯಾದ ಕಂದು ಪಾನಕ. ಪೂರ್ತಿ ಗಿಡಮೂಲಿಕೆ ಅಂತಲೇ ಬಹಳ ಜನ ತಿಳಿದಿದ್ದಾರೆ. ಆದರೆ ಕಾಡು ಸೇವಂತಿಗೆ ಮುಂತಾದವುಗಳ ಜೊತೆ ಒಂದೊಂದು ಪೊಟ್ಟಣದಲ್ಲೂ 200 ಮಿಲಿಗ್ರಾಂ ಪ್ಯಾರಾಸಿಟಮಾಲ್, 4 ಮಿಲಿಗ್ರಾಂ ಕ್ಲೋರ್‌ಫೆನಿರಮಿನ್, ಸ್ವಲ್ಪ ಕೆಫೀನ್ ಇರುತ್ತದೆ. ಜ್ವರ ಇಳಿಸುವುದರಲ್ಲಿ ಪ್ಯಾರಾಸಿಟಮಾಲ್‌ನ ಪಾಲು, ಮೂಗು ಸೋರುವುದು ನಿಲ್ಲಿಸಿ ನಿದ್ದೆ ಬರಿಸುವುದರಲ್ಲಿ ಕ್ಲೋರ್‌ಫೆನಿರಮಿನ್‌ನ ಪಾಲು ದೊಡ್ಡದು. ವಿಟಮಿನ್ ಸಿ ಸೇರಿಸಿದ ಯಿನ್‌ಚಿಯಾವ್ ಮಾತ್ರೆಯಲ್ಲೂ ಇದೇ ಎರಡು ಇವೆ.

ಬೆಂಗಳೂರಿನ ಮೈಕ್ರೋ ಲ್ಯಾಬ್ಸ್‌ನ ಪ್ಯಾರಾಸಿಟಮಾಲ್ ಮಾತ್ರೆ ಡೋಲೋ 650 ಇಲ್ಲದೆ ನಮ್ಮವರ ಸೂಟ್‌ಕೇಸ್ ವಿಮಾನ ಹತ್ತುವುದಿಲ್ಲ. ಲೆಕ್ಕ ಹಾಕಿ. ದಿನಕ್ಕೆ ನಾಲ್ಕು ಡೋಲೋ ಅಂದರೆ 2,600 ಮಿಲಿಗ್ರಾಂ. ಮೂರು ಪೊಟ್ಟಣ ಗಾನ್‌ಮಾವ್‌ಲಿಂಗ್ ಸೇರಿದರೆ 3,200. ದೊಡ್ಡವರ ಮಿತಿ 4,000. ಇನ್ನೂ ಮಿತಿಯೊಳಗೇ ಇದ್ದೀರಿ. ಆದರೆ ರೂಮ್‌ಮೇಟ್ ಕೊಟ್ಟ ಯಿನ್‌ಚಿಯಾವ್ ಮಾತ್ರೆ, ರಾತ್ರಿ ಚಳಿ ತಡೆಯಲಾರದೆ ನುಂಗಿದ ಇನ್ನೊಂದು ಡೋಲೋ ಸೇರಿದರೆ ಗಡಿ ಹತ್ತಿರ ಬಂತು. ಏನೂ ತಿನ್ನದೆ ಮಲಗಿದವರಿಗೆ, ತೆಳ್ಳಗಿನವರಿಗೆ, ಕುಡಿಯುವ ಅಭ್ಯಾಸ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಆ ಗಡಿ ಇನ್ನೂ ಕೆಳಗಿರುತ್ತದೆ. ಚೀನೀ ಓದಲು ಬಾರದಿದ್ದರೆ ಪೊಟ್ಟಣದ ಹಿಂಭಾಗದ ಪದಾರ್ಥಗಳ ಸಾಲಿಗೆ ಫೋನಿನ ಅನುವಾದದ ಆ್ಯಪ್ ಹಿಡಿಯಿರಿ. ಪ್ಯಾರಾಸಿಟಮಾಲ್ ಅಥವಾ ಅಸಿಟಮಿನೋಫೆನ್ ಅಂತ ಬಂದರೆ ಡೋಲೋ ಬ್ಯಾಗಿಗೆ ವಾಪಸ್ಸು. ಎರಡರಲ್ಲಿ ಒಂದು ಸಾಕು.

ಬಾನ್‌ಲಾನ್‌ಗೆನ್ ಸರಳ. ಐಸಾಟಿಸ್ ಗಿಡದ ಬೇರಿನ ಪುಡಿ, ಸಕ್ಕರೆ ಸೇರಿಸಿದ್ದು. 2003ರಲ್ಲಿ ಸಾರ್ಸ್ ಸುದ್ದಿ ಹಬ್ಬಿದಾಗ ಗುವಾಂಗ್‌ಡಾಂಗ್ ಜನ ಇದನ್ನೂ ಬಿಳಿ ವಿನೆಗರ್ ಅನ್ನೂ ಅಂಗಡಿ ಖಾಲಿಯಾಗುವಷ್ಟು ಕೊಂಡರು. 2020ರ ಜನವರಿ 31ರ ರಾತ್ರಿ ಶುವಾಂಗ್‌ಹುವಾಂಗ್‌ಲಿಯಾನ್ ಎಂಬ ದ್ರವ ಔಷಧಿಗೂ ಹಾಗೇ ಆಯಿತು. ಲ್ಯಾಬಿನಲ್ಲಿ ವೈರಸ್ಸನ್ನು ತಡೆಯಿತು ಅನ್ನುವ ಸುದ್ದಿ ಬಂದ ಕೆಲವೇ ಗಂಟೆಗಳಲ್ಲಿ ಜನ ರಾತ್ರಿಯೇ ಕ್ಯೂ ನಿಂತರು. ಲ್ಯಾಬಿನ ತಟ್ಟೆಯಲ್ಲಿ ಆಗುವುದಕ್ಕೂ ಮೈಯೊಳಗೆ ಆಗುವುದಕ್ಕೂ ಬಹಳ ದೂರ ಇದೆ. ಗಂಟಲು ನೋವಿಗೆ ದೊಡ್ಡವರು ಬಾನ್‌ಲಾನ್‌ಗೆನ್ ಎರಡು ಮೂರು ದಿನ ಕುಡಿದರೆ ತೊಂದರೆ ಕಡಿಮೆ. ಹೊಟ್ಟೆ ನಾಜೂಕಿದ್ದರೆ ಭೇದಿ ಆಗಬಹುದು. ಶುಗರ್ ಇದ್ದರೆ ಸಕ್ಕರೆ ಇಲ್ಲದ ಬಗೆ ಕೇಳಿ. ಕಾಯಿಲೆ ಬರದಿರಲಿ ಅಂತ ದಿನಾ ಕುಡಿಯುವುದು ಸುಮ್ನೆ ದುಡ್ಡು ದಂಡ.

ಕೆಮ್ಮೊಂದೇ ತೊಂದರೆ ಆದರೆ ಹಾಂಗ್‌ಕಾಂಗ್‌ನ ನಿನ್ ಜಿಯೋಮ್ ಪೇ ಪಾ ಕೋವಾ ಒಳ್ಳೆಯ ಆಯ್ಕೆ. ಜೇನು, ಲೋಕ್ವಾಟ್ ಎಲೆ, ಇನ್ನಷ್ಟು ಗಿಡಮೂಲಿಕೆ. ಜೇನು ಕೆಮ್ಮನ್ನು ತಣಿಸುತ್ತದೆ ಅನ್ನುವುದನ್ನು ಆಧುನಿಕ ವೈದ್ಯರೂ ಒಪ್ಪುತ್ತಾರೆ. ಜೇನು ಇರುವುದರಿಂದಲೇ ಒಂದು ವರ್ಷದೊಳಗಿನ ಕೂಸಿಗೆ ಕೊಡುವಂತಿಲ್ಲ.

ವೈದ್ಯರ ಹತ್ತಿರ ಬರೆಸಿಕೊಂಡ ಕಷಾಯ

ಚೀನೀ ವೈದ್ಯದ ಒಳ್ಳೆಯ ಮುಖ ನೋಡಬೇಕೆಂದರೆ ಪೊಟ್ಟಣ ಬಿಟ್ಟು ವೈದ್ಯರ ಹತ್ತಿರ ಹೋಗಬೇಕು. ಅವರು ನಾಲಿಗೆ, ನಾಡಿ, ಬೆವರು, ಕಫದ ಬಣ್ಣ, ಹೊಟ್ಟೆ ಎಲ್ಲಾ ಕೇಳಿ ಕೆಲವು ದಿನಕ್ಕೆ ಮಾತ್ರ ಬರೆಯುತ್ತಾರೆ, ಮತ್ತೆ ನೋಡಿ ಬದಲಿಸುತ್ತಾರೆ. ಮನೆಯಲ್ಲಿ ಕುದಿಸಲು ಆಗದವರಿಗೆ ಕ್ಲಿನಿಕ್‌ನಲ್ಲೇ ಕುದಿಸಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕೊಡುತ್ತಾರೆ.

ಇದಕ್ಕೆ ಇರುವ ಒಂದು ಪುರಾವೆ ನನಗೆ ಮುಖ್ಯ ಅನ್ನಿಸುತ್ತದೆ. 2009ರ ಎಚ್1ಎನ್1 ಕಾಲದಲ್ಲಿ ಚೀನಾದ 11 ಆಸ್ಪತ್ರೆಗಳಲ್ಲಿ 410 ಜನರನ್ನು ನಾಲ್ಕು ಗುಂಪು ಮಾಡಿದರು. ಲಿಯಾನ್‌ಹುವಾದ ಬುನಾದಿಯಾದ ಅದೇ ಎರಡು ಹಳೆಯ ಯೋಗಗಳ ಕಷಾಯ ಒಂದು ಗುಂಪಿಗೆ, ಫ್ಲೂ ಗುಳಿಗೆ ಒಸೆಲ್ಟಮಿವಿರ್ ಒಂದು ಗುಂಪಿಗೆ, ಎರಡೂ ಒಂದು ಗುಂಪಿಗೆ, ಏನೂ ಇಲ್ಲದೆ ಒಂದು ಗುಂಪು. ಏನೂ ಪಡೆಯದವರ ಜ್ವರ 26 ಗಂಟೆಯಲ್ಲಿ ಇಳಿಯಿತು. ಒಸೆಲ್ಟಮಿವಿರ್ ಪಡೆದವರಿಗೆ 20, ಕಷಾಯದವರಿಗೆ 16, ಎರಡೂ ಪಡೆದವರಿಗೆ 15 ಗಂಟೆ. ಕಷಾಯ ಕಡಿಮೆಯೇನಲ್ಲ ಅನ್ನಿಸುತ್ತದೆ ಅಲ್ವಾ? ಹೌದು. ಆದರೆ ಎರಡು ಮಾತು ಮರೆಯಬಾರದು. ಇಲ್ಲಿ ಡಮ್ಮಿ ಔಷಧಿ ಇರಲಿಲ್ಲ, ಯಾರು ಏನು ಕುಡಿಯುತ್ತಿದ್ದಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಜೊತೆಗೆ ಇವರೆಲ್ಲ ತೊಡಕಿಲ್ಲದ ಫ್ಲೂ ಇದ್ದವರು. ಸಿಕ್ಕ ಲಾಭ ಸುಮಾರು ಹತ್ತು ಗಂಟೆ ಬೇಗ ಇಳಿದ ಜ್ವರ. ಆ ಹತ್ತು ಗಂಟೆಗೆ ಕ್ಲಿನಿಕ್ ಫೀಸು, ಓಡಾಟ, ಕಹಿ ಎಲ್ಲಾ ಸರಿಯೇ ಅಂತ ನೀವೇ ತೀರ್ಮಾನಿಸಬೇಕು.

ಹೋಗುವುದಾದರೆ ನೋಂದಾಯಿತ ವೈದ್ಯರ ಹತ್ತಿರವೇ ಹೋಗಿ. ಸಿಂಗಪುರ, ಹಾಂಗ್‌ಕಾಂಗ್ ಎರಡರಲ್ಲೂ ಕಾನೂನು ಪ್ರಕಾರ ನೋಂದಣಿ ಪಟ್ಟಿ ಇದೆ. ನೀವು ತೆಗೆದುಕೊಳ್ಳುವ ಬಿಪಿ, ಶುಗರ್, ರಕ್ತ ತೆಳು ಮಾಡುವ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ. ಜಿ6ಪಿಡಿ ಕೊರತೆ (ಕೆಲವು ಔಷಧಿಗಳಿಂದ ರಕ್ತಕಣ ಒಡೆಯುವ ಹುಟ್ಟಿನ ತೊಂದರೆ) ಇರುವ ಮಗು ಮನೆಯಲ್ಲಿದ್ದರೆ ಅದನ್ನು ಮೊದಲೇ ಹೇಳಿ. ಹುವಾಂಗ್‌ಲಿಯಾನ್ ಬೇರಿನಂಥವು ಅಂಥ ಮಕ್ಕಳಿಗೆ ಅಪಾಯ ಅನ್ನುವ ಭಯದಿಂದ ಸಿಂಗಪುರ ದಶಕಗಳ ಕಾಲ ಅದನ್ನು ನಿಷೇಧಿಸಿತ್ತು. ಗಿಡಮೂಲಿಕೆಯ ಇಂಜೆಕ್ಷನ್ ಅಂತ ಯಾರಾದರೂ ಹೇಳಿದರೆ ದೊಡ್ಡ ಆಸ್ಪತ್ರೆಯ ಹೊರಗೆ ಒಪ್ಪಬೇಡಿ. ಯುಶಿಂಗ್‌ಸಾವ್ ಇಂಜೆಕ್ಷನ್‌ನಿಂದ ತೀವ್ರ ಅಲರ್ಜಿ, ಸಾವು ಆದ ಮೇಲೆ 2006ರಲ್ಲಿ ಚೀನಾ ಸರ್ಕಾರವೇ ಅದರ ಬಳಕೆ ನಿಲ್ಲಿಸಿತು. ಕುಡಿಯುವುದಕ್ಕೂ ರಕ್ತಕ್ಕೆ ಚುಚ್ಚುವುದಕ್ಕೂ ಅಜಗಜಾಂತರ.

ಸಸ್ಯಾಹಾರಿಗಳು ಇನ್ನೊಂದು ಕೇಳಬೇಕು. ಕೆಮ್ಮು-ಜ್ವರದ ಕಷಾಯಗಳಲ್ಲಿ ಎರೆಹುಳು, ಸಿಕಾಡ ಕೀಟದ ಪೊರೆ ಬರುತ್ತವೆ. ಮೊದಲೇ ಹೇಳಿದರೆ ವೈದ್ಯರು ಬದಲಿ ಹಾಕುತ್ತಾರೆ. ಕ್ಯಾಪ್ಸೂಲ್ ಚಿಪ್ಪು ಜೆಲಟಿನ್‌ನದ್ದು ಇರಬಹುದು. ಲಿಯಾನ್‌ಹುವಾ ಪುಡಿಯ ರೂಪದಲ್ಲೂ ಸಿಗುತ್ತದೆ.

ಆ್ಯಂಟಿವೈರಲ್ ಗುಳಿಗೆಗಳು

ಫ್ಲೂಗೆ ಒಸೆಲ್ಟಮಿವಿರ್, ದಿನಕ್ಕೆರಡು ಸಲದಂತೆ 5 ದಿನ. ಆರೋಗ್ಯವಂತರಿಗೆ ಇದು ಕಾಯಿಲೆಯನ್ನು ಒಂದು ದಿನಕ್ಕಿಂತಲೂ ಕಡಿಮೆ ಮೊಟಕು ಮಾಡುತ್ತದೆ, ಕೆಲವರಿಗೆ ವಾಂತಿ ಬರಿಸುತ್ತದೆ. ಅಂಥವರು ತೆಗೆದುಕೊಳ್ಳದಿದ್ದರೂ ನಡೆಯುತ್ತದೆ. ಜೆನೆರಿಕ್ ಸಿಗುವುದರಿಂದ ಬೆಲೆ ಕೈಗೆಟುಕುತ್ತದೆ. ಬಸುರಿಯರಿಗೆ, ವಯಸ್ಸಾದವರಿಗೆ ವೈದ್ಯರು ತಡಮಾಡದೆ ಬರೆಯುವುದು ಇದನ್ನೇ.

ಕೋವಿಡ್‌ನಲ್ಲಿ ಪ್ಯಾಕ್ಸ್‌ಲೋವಿಡ್‌ನ ಪುರಾವೆ ಬೇರೆಯೇ ಮಟ್ಟದ್ದು. ಲಸಿಕೆ ಹಾಕಿಸಿಕೊಳ್ಳದ, ಅಪಾಯ ಹೆಚ್ಚಿರುವ ರೋಗಿಗಳಲ್ಲಿ ಆಸ್ಪತ್ರೆ ಸೇರುವುದು ಮತ್ತು ಸಾವು ಡಮ್ಮಿ ಗುಳಿಗೆಗೆ ಹೋಲಿಸಿದರೆ ಸುಮಾರು 89% ಕಡಿಮೆಯಾಯಿತು. ಯಾವ ಚೀನೀ ಪೊಟ್ಟಣಕ್ಕೂ ಇಂಥ ಅಂಕಿ ಇಲ್ಲ. ಲಸಿಕೆ ಆದವರಲ್ಲಿ, ಚಿಕ್ಕ ವಯಸ್ಸಿನವರಲ್ಲಿ ಲಾಭ ಬಹಳ ಕಡಿಮೆ. ಕೊಲೆಸ್ಟ್ರಾಲ್, ಹೃದಯದ ಹಲವು ಮಾತ್ರೆಗಳ ಜೊತೆ ಜಗಳ ಆಡುತ್ತದೆ, ವೈದ್ಯರು ಪಟ್ಟಿ ನೋಡಲೇಬೇಕು. ದುಡ್ಡಿನ ಪ್ರಶ್ನೆ ಏಳುವುದು ಇದೊಂದರಲ್ಲೇ. ಚೀನಾದಲ್ಲಿ 2022ರ ಕೊನೆಗೆ ಒಂದು ಡಬ್ಬಿ 1,890 ಯುವಾನ್ ಇತ್ತು. 2023ರ ಜನವರಿಯಲ್ಲಿ ಸರ್ಕಾರಿ ವಿಮೆಯ ಪಟ್ಟಿಗೆ ಸೇರಿಸುವ ಮಾತುಕತೆ ಬೆಲೆಯ ಕಾರಣಕ್ಕೇ ಮುರಿದುಬಿತ್ತು. ಅದೇ ಸುತ್ತಿನಲ್ಲಿ ಚಿಂಗ್‌ಫೇ ಪಾಯ್‌ದು ಎಂಬ ಗಿಡಮೂಲಿಕೆಯ ಪುಡಿ ಪಟ್ಟಿಗೆ ಸೇರಿತು. ಹಾಗಾಗಿ ಅಲ್ಲಿ ಬಹಳ ಮನೆಗಳಲ್ಲಿ ಗಿಡಮೂಲಿಕೆ ಆರಿಸಿಕೊಂಡಿದ್ದಕ್ಕೆ ನಂಬಿಕೆಯೊಂದೇ ಕಾರಣವಲ್ಲ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ನಿಮ್ಮ ವಿಮೆ ಇದನ್ನು ಕೊಡುತ್ತದಾ ಅಂತ ಆರೋಗ್ಯವಾಗಿರುವಾಗಲೇ ಕೇಳಿಟ್ಟುಕೊಳ್ಳಿ.

ನಿಮ್ಮ ಮನೆಗೆ ಯಾವುದು

ಇಪ್ಪತ್ತು ಮೂವತ್ತರ, ಬೇರೆ ಕಾಯಿಲೆ ಇಲ್ಲದವರು ಯಾವುದನ್ನು ಆರಿಸಿದರೂ ನಡೆಯುತ್ತದೆ. ಉಷ್ಣದ ಲಕ್ಷಣ ಇದ್ದರೆ ಲಿಯಾನ್‌ಹುವಾ ಎರಡು ಮೂರು ದಿನ ತೆಗೆದುಕೊಳ್ಳಿ, ಎದೆ ಡವಡವ ಅಂದರೆ ನಿಲ್ಲಿಸಿ. ಕೈಯಲ್ಲಿ ದುಡ್ಡು ಕಡಿಮೆ ಇರುವ ವಿದ್ಯಾರ್ಥಿಗೆ ಡೋಲೋ ಮತ್ತು ಗಂಜಿ ಸಾಕು.

ಬಿಪಿ, ಹೃದಯದ ತೊಂದರೆ ಇದ್ದರೆ ಎಫೆಡ್ರಾ ಇರುವ ಯಾವುದನ್ನೂ ಸ್ವಂತ ತೀರ್ಮಾನದಿಂದ ಮುಟ್ಟಬೇಡಿ. ಜ್ಯೇಷ್ಠಮಧು ಕೂಡ ಜಾಸ್ತಿ ದಿನ ತೆಗೆದುಕೊಂಡರೆ ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ. ಅರವತ್ತು ದಾಟಿದವರು, ಶುಗರ್ ಇರುವವರು, ಬಸುರಿಯರು ಮೊದಲ ದಿನವೇ ಟೆಸ್ಟ್ ಮಾಡಿಸಿ, ಫ್ಲೂ ಅಥವಾ ಕೋವಿಡ್ ಅಂತ ಬಂದರೆ ಅಂದೇ ಆ್ಯಂಟಿವೈರಲ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. ಕಷಾಯದ ಮೇಲೆ ನಂಬಿಕೆ ಇದ್ದರೆ ಅದು ಜೊತೆಗಿರಲಿ, ಇದರ ಬದಲಿಗೆ ಬೇಡ. ಇಬ್ಬರು ವೈದ್ಯರಿಗೂ ಇನ್ನೊಬ್ಬರ ಔಷಧಿಯ ವಿಷಯ ಹೇಳಿ. ಚಿಕ್ಕ ಮಕ್ಕಳಿಗೆ ದೊಡ್ಡವರ ಪೊಟ್ಟಣವನ್ನು ಅರ್ಧ ಮಾಡಿ ಕೊಡುವ ಅಭ್ಯಾಸ ದಯವಿಟ್ಟು ಬೇಡ.

ಉಸಿರು ಕಟ್ಟಿದರೆ, ಆಕ್ಸಿಜನ್ 94ಕ್ಕಿಂತ ಕೆಳಗೆ ಬಂದರೆ, ಎದೆ ನೋವು ಬಂದರೆ, ಮಾತು ತೊದಲಿ ಮಂಕು ಕವಿದರೆ, ಇಳಿದ ಜ್ವರ ಮತ್ತೆ ಏರಿದರೆ, ಮಗು ನೀರು ಕುಡಿಯುವುದನ್ನೇ ಬಿಟ್ಟರೆ ಈ ಹೋಲಿಕೆಯೆಲ್ಲ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಿ.

ರಜೆಗೆ ಬರುವಾಗ ಒಂದೆರಡು ಡಬ್ಬಿ ಲಿಯಾನ್‌ಹುವಾ ಊರಿಗೆ ತರಲಾ ಅಂತ ಕೇಳುವವರಿದ್ದಾರೆ. ತರಬೇಡಿ. ಎಫೆಡ್ರಿನ್ ನಮ್ಮಲ್ಲಿ ನಿಯಂತ್ರಿತ ರಾಸಾಯನಿಕ. ನಮ್ಮ ಆಯುಷ್ ಪದ್ಧತಿಗಳ ಪಟ್ಟಿಯಲ್ಲಿ ಚೀನೀ ವೈದ್ಯ ಇಲ್ಲ. ಬಿಪಿ ಮಾತ್ರೆ ನುಂಗುವ ಅಪ್ಪನಿಗೆ ಅದರಿಂದ ತೊಂದರೆಯಾದರೆ, ಒಳಗೆ ಏನಿದೆ ಅಂತ ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ತಿಳಿಯುವ ದಾರಿ ಇರುವುದಿಲ್ಲ. ಆ ದುಡ್ಡಿನಲ್ಲಿ ಅವರಿಗೆ ಈ ವರ್ಷದ ಫ್ಲೂ ಲಸಿಕೆ ಹಾಕಿಸಿ.